ಬೀಗಿತ್ತಿ ಕಂಡ ಮೋಡ

ಮಗಳ ಮದುವೆ ಗೊತ್ತಾದ ದಿನವೇ ದಂಡಿನಶಿವರದ ವೀರಭದ್ರಯ್ಯ ಒಂದು ತೀರ್ಮಾನಕ್ಕೆ ಬಂದುಬಿಟ್ಟಿದ್ದ. ಬೀಗರು ಏನೇ ಕೇಳಲಿ, ಏನೇ ಅನ್ನಲಿ, ತನ್ನ ಬಾಯಿಂದ ಹೊರಡಬೇಕಾದದ್ದು ಒಂದೇ ಮಾತು: ಆಗಲಿ. ಕಾಫಿ ತಣ್ಣಗಿದೆ ಅಂದರೆ ಆಗಲಿ, ಮತ್ತೆ ಕಾಯಿಸೋಣ. ಒಬ್ಬಟ್ಟು ದಪ್ಪವಾಯಿತು ಅಂದರೆ ಆಗಲಿ, ತೆಳ್ಳಗೆ ತಟ್ಟಿಸೋಣ. ಹೆಂಡತಿ ಶಿವರುದ್ರಮ್ಮನ ಮುಂದೆ ಈ ಮಾತನ್ನು ಅವನು ಅಭ್ಯಾಸವೂ ಮಾಡಿದ್ದ. ಅವಳು, "ನನ್ನ ಮುಂದೆ ಮೂವತ್ತು ವರ್ಷದಿಂದ ಒಂದ್ಸಲನಾರ ಆಗಲಿ ಅಂದಿದ್ರೆ ಈಗ ಅಭ್ಯಾಸ ಮಾಡೋ ಪಾಡಿರ್ಲಿಲ್ಲ" ಎಂದು ಅವನ ಕಾಲೆಳೆದಿದ್ದಳು.

ಅವನ ಹೆದರಿಕೆಗೆ ಕಾರಣವಿತ್ತು. ಹಿಂದಿನ ವರ್ಷ ತಿಪಟೂರಿನ ಕಡೆಯ ಸಂಬಂಧವೊಂದು ನಿಶ್ಚಿತಾರ್ಥದ ದಿನವೇ ಮುರಿದುಬಿದ್ದಿತ್ತು. ಹುಡುಗನ ಸೋದರಮಾವ ತನಗೆ ಕೊಟ್ಟ ಕುರ್ಚಿಗೆ ಕೈಯಿಲ್ಲ ಎಂದು ಮುಖ ಗಂಟಿಕ್ಕಿದ. ವೀರಭದ್ರಯ್ಯ ಸುಮ್ಮನಿರಬಾರದೇ? "ನಿಮಗೆ ಎರಡು ಅವೆಯಲ್ಲ ಕಣ್ರೀ, ಕುರ್ಚಿಗೆ ಯಾಕೆ?" ಅಂದುಬಿಟ್ಟ. ಇಡೀ ಚಪ್ಪರ ನಕ್ಕಿತು. ಸೋದರಮಾವ ಮಾತ್ರ ನಗಲಿಲ್ಲ. ಸಾಯಂಕಾಲದ ಬಸ್ಸಿಗೆ ಎಲ್ಲರೂ ಹೊರಟುಹೋದರು. ಆಮೇಲೆ ಮಗಳು ಸರ್ವಮಂಗಳ ಮನೆಯಿಂದ ಹೊರಗೆ ಬರುವುದನ್ನೇ ಕಡಿಮೆ ಮಾಡಿದಳು. ಎರಡನೆಯದೂ ಹೀಗೇ ಆದರೆ ತಪ್ಪು ಹುಡುಗಿಯಲ್ಲೇ ಇರಬೇಕು ಎಂದು ಊರು ಮಾತಾಡಿಕೊಳ್ಳುತ್ತದೆ. ತನ್ನ ನಾಲಿಗೆಯ ಚಪಲಕ್ಕೆ ಮಗಳು ದಂಡ ತೆರುತ್ತಿದ್ದಾಳೆ ಎಂಬ ಸಂಕಟ ಅವನನ್ನು ಒಳಗೇ ಕೊರೆಯುತ್ತಿತ್ತು.

ಈಗ ಒದಗಿದ್ದು ಹಂದನಕೆರೆಯ ಸಂಬಂಧ. ಹುಡುಗ ಒಳ್ಳೆಯವನು. ಹುಡುಗನ ತಂದೆ ತೋಂಟದಾರ್ಯ ಬಾಯಿ ಸತ್ತ ಮನುಷ್ಯ. ಅವರ ಪಾಲಿನ ಮಾತನ್ನೂ ಸೇರಿಸಿ ಆಡುತ್ತಿದ್ದವರು ಹುಡುಗನ ತಾಯಿ ಗುರುಶಾಂತಮ್ಮ. ಎತ್ತರದ ಆಳು, ಹಣೆಯ ತುಂಬ ವಿಭೂತಿ, ಗಂಡಸರ ನಡುವೆಯೂ ತಗ್ಗದ ದನಿ. ಹೆಣ್ಣು ನೋಡಲು ಬಂದ ದಿನ ಹುಡುಗಿ ಕಾಫಿ ಲೋಟ ಹಿಡಿದು ಬರುವ ಹೊತ್ತಿಗೆ ಸರಿಯಾಗಿ ಎದ್ದು ಅಂಗಳಕ್ಕೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು ಆಕಾಶ ನೋಡುತ್ತ ನಿಂತುಬಿಟ್ಟಿದ್ದರು. ಹುಡುಗಿ ಹಿಡಿಸಲಿಲ್ಲವೆಂದು ವೀರಭದ್ರಯ್ಯನ ಎದೆ ಧಸಕ್ಕೆಂದಿತ್ತು. ಒಳಗೆ ಬಂದವರು, "ಹುಡುಗಿ ಒಪ್ಪಿಗೆ. ಸಾಯಂಕಾಲದೊಳಗೆ ಊರು ಸೇರ್ಕೋಬೇಕು, ಬೇಗ ತಾಂಬೂಲ ತನ್ನಿ" ಎಂದಿದ್ದರು. ಇಂಥವರನ್ನು ಮೆಚ್ಚಿಸುವುದು ಹೇಗೆ ಎಂದು ಅವನಿಗೆ ತಿಳಿಯಲಿಲ್ಲ. ಆಗಲಿ ಎನ್ನುವುದೊಂದೇ ದಾರಿ.

ಎಪ್ಪತ್ತೊಂಬತ್ತರ ಬೇಸಿಗೆ. ಭರಣಿ ಮಳೆ ಹುಟ್ಟಿದ ವಾರ. ಅಂಗಳ ಪೂರ್ತಿ ಮುಚ್ಚುವ ಹಾಗೆ ಹಸಿ ಗರಿಯ ಚಪ್ಪರ ಎದ್ದಿತ್ತು. ಚಪ್ಪರದ ಮಗ್ಗುಲಲ್ಲೇ ವೀರಭದ್ರಯ್ಯನ ಅಜ್ಜ ನೆಟ್ಟ ತೆಂಗಿನ ಮರ. ಸುತ್ತಮುತ್ತಲ ತೋಟಗಳಲ್ಲಿ ಅದಕ್ಕಿಂತ ಎತ್ತರದ್ದು ಇರಲಿಲ್ಲ. ಮೈಕ್ ಸೆಟ್ಟಿನ ಲಕ್ಷ್ಮಯ್ಯ ತುರುವೇಕೆರೆಯಿಂದ ಸಾಮಾನು ತಂದವನೇ ಮೊದಲು ನೋಡಿದ್ದು ಆ ಮರವನ್ನು. ಮದುವೆ ಮನೆಯ ಹಾಡು ಎಷ್ಟು ದೂರ ಕೇಳಿಸುತ್ತದೋ ಅಷ್ಟು ದೂರ ಮನೆಯ ಹೆಸರು. ಹಾಗಾಗಿ ನಮ್ಮ ಕಡೆ ಮೈಕಿನ ಹಾರನ್ನು ಕಟ್ಟುವುದು ತೆಂಗಿನ ಮರದ ಸುಳಿಗೇ. ಕಾಯಿ ಕೀಳುವ ಕೆಂಚಯ್ಯ ಕಾಲಿಗೆ ಹಗ್ಗ ತೊಡಿಸಿಕೊಂಡು ಸರಸರನೆ ಹತ್ತಿ, ಗರಿಗಳ ನಡುವೆ ಹಾರನ್ನನ್ನು ತಂತಿಯಿಂದ ಬಿಗಿದು ಬಂದ. ಅಲ್ಲಿಂದ ಇಳಿದ ವೈರು ಬೊಡ್ಡೆಯ ಗುಂಟ ಬಂದು, ಚಪ್ಪರದ ಮೇಲೆ ಹಾದು, ಬೀಗರು ಕೂರುವ ಜಮಖಾನದ ಪಕ್ಕದಲ್ಲಿ ಇಟ್ಟಿದ್ದ ಪೆಟ್ಟಿಗೆಗೆ ಸೇರಿತು. "ಸಂಪಿಗೆವರ್ಗೂ ಕೇಳ್ತದೆ ಯಜಮಾನ್ರೇ" ಎಂದ ಲಕ್ಷ್ಮಯ್ಯ. ಸಂಪಿಗೆಯವರಿಗೆ ಕೇಳಿಸಿತೋ ಇಲ್ಲವೋ, ಪಕ್ಕದ ಮನೆಯವರು ಮಾತ್ರ ಬೆಳಗಿನಿಂದ ಸನ್ನೆಯಲ್ಲೇ ಸಂಸಾರ ನಡೆಸುತ್ತಿದ್ದರು.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಬೀಗರ ಲಾರಿ ಬಂತು. ವಾಲಗದೊಂದಿಗೆ ಎದುರುಗೊಂಡರು, ಕಾಲಿಗೆ ನೀರು ಕೊಟ್ಟರು, ಕೈಯಿರುವ ಕುರ್ಚಿಗಳನ್ನೇ ಹುಡುಕಿ ಹಾಕಿದರು. ಡ್ರೈವರ್ ಪಕ್ಕ ಕೂತು ಬಂದಿದ್ದ ಗುರುಶಾಂತಮ್ಮ ಇಳಿದವರೇ ಬೀಗಿತ್ತಿಯನ್ನಾಗಲಿ ಮದುಮಗಳನ್ನಾಗಲಿ ನೋಡದೆ ತಿರುಗಿ ಬಡಗಣ ದಿಕ್ಕಿಗೆ ಕಣ್ಣು ಹಾಯಿಸಿದರು. ಚಿಕ್ಕನಾಯಕನಹಳ್ಳಿ ಗುಡ್ಡಗಳ ಮೇಲೆ ಬೆಳ್ಳನೆಯ ಮೋಡ ಉಕ್ಕುವ ಹಾಲಿನ ಹಾಗೆ ಮೇಲಕ್ಕೆ ಬರುತ್ತಿತ್ತು. ಊರ ಮೇಲೆ ಚುರುಗುಟ್ಟುವ ಬಿಸಿಲು. ಒಂದೆಲೆ ಅಲುಗುವುದಿಲ್ಲ. ಮೈಗೆ ಅಂಟಿದ ಬಟ್ಟೆ ಬಿಡಿಸಿಕೊಳ್ಳುವುದೇ ಎಲ್ಲರಿಗೂ ಕೆಲಸವಾಗಿತ್ತು.

"ಬೆಳಿಗ್ಗೆ ರೇಡಿಯೋದಲ್ಲಿ ಏನಂದ್ರು?" ಎಂದು ಕೇಳಿದರು ಗುರುಶಾಂತಮ್ಮ, ಕೂರುವ ಮೊದಲೇ.

ವೀರಭದ್ರಯ್ಯ ತಡಬಡಾಯಿಸಿದ. ಉತ್ತರ ಲಕ್ಷ್ಮಯ್ಯನಿಂದ ಬಂತು. "ಅದೇ ಕಣಮ್ಮ, ದಕ್ಷಿಣ ಒಳನಾಡಿನ ಅಲ್ಲಲ್ಲಿ ಗುಡುಗು ಮಳೆ ಅಂದ್ರು. ಈ ಅಲ್ಲಲ್ಲಿ ಅನ್ನೋ ಊರು ಯಾವ ತಾಲ್ಲೂಕಿಗೆ ಬತ್ತದೋ ನಂಗಂತೂ ಗೊತ್ತಿಲ್ಲ. ಇಷ್ಟು ವರ್ಷ ಕೇಳಿದೀನಿ, ನಮ್ಮೂರಿನ ಹೆಸ್ರು ಒಂದಿನಾನೂ ಬರ್ಲಿಲ್ಲ."

ಜನ ನಕ್ಕರು. ವೀರಭದ್ರಯ್ಯನಿಗೂ ನಗು ಬಂತು, ಆದರೆ ಕುರ್ಚಿಯ ನೆನಪಾಗಿ ನುಂಗಿಕೊಂಡ. ಗುರುಶಾಂತಮ್ಮ ನಗಲಿಲ್ಲ.

ರೆಕಾರ್ಡುಗಳೆಲ್ಲ ಎರಡೆರಡು ಸಲ ಆಗಿದ್ದರಿಂದ ಲಕ್ಷ್ಮಯ್ಯ ರೇಡಿಯೋ ಹಚ್ಚಿ, ಅದರ ಬಾಯಿಗೆ ಮೈಕು ಹಿಡಿದಿಟ್ಟಿದ್ದ. ಆಕಾಶವಾಣಿಯ ಹಾಡು ತೆಂಗಿನ ಸುಳಿಯಿಂದ ಊರ ಮೇಲೆ ಸುರಿಯುತ್ತಿತ್ತು. ಇದ್ದಕ್ಕಿದ್ದ ಹಾಗೆ ಹಾಡಿನ ನಡುವೆ 'ಕರ್ರ್' ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ 'ಕರ್ರ್'. ಬರಬರುತ್ತ ಹಾಡಿಗಿಂತ ಕರಕರವೇ ಹೆಚ್ಚಾಯಿತು. "ಏನ್ ಲಕ್ಷ್ಮಯ್ಯ, ಹಾರನ್ನೊಳಗೆ ಹಪ್ಪಳ ಕರೀತಿದ್ದೀಯಾ?" ಎಂದು ಯಾರೋ ರೇಗಿಸಿದರು. ಲಕ್ಷ್ಮಯ್ಯನ ಮುಖ ಕೆಂಪಾಯಿತು. ಬೀಗರ ಮುಂದೆ ಸೆಟ್ಟು ಕೈಕೊಡುವುದೆಂದರೆ! ಅವನು ವೈರು ಒತ್ತಿದ, ಬ್ಯಾಟರಿ ಕುಲುಕಿದ, ರೇಡಿಯೋದ ಬೆನ್ನ ಮೇಲೆ ಎರಡು ಗುದ್ದಿದ. ಕರಕರ ನಿಲ್ಲಲಿಲ್ಲ.

ಗುರುಶಾಂತಮ್ಮ ಕೈಯಲ್ಲಿದ್ದ ಪಾನಕದ ಲೋಟ ಕೆಳಗಿಟ್ಟು ಎದ್ದರು. "ಆ ರೇಡಿಯೋ ಕೆಟ್ಟಿಲ್ಲ. ದೂರದಲ್ಲಿ ಮಿಂಚು ಹೊಡೆದಾಗಲೆಲ್ಲ ಹಂಗೆ ಅಂತದೆ. ಕಡಿಮೆ ಆಗ್ತಿಲ್ಲ, ಜಾಸ್ತಿ ಆಗ್ತಾ ಅದೆ." ಆಮೇಲೆ ಮರದ ತುದಿ ನೋಡಿ, ಅಲ್ಲಿಂದ ವೈರಿನ ಗುಂಟ ಕಣ್ಣಿಳಿಸಿ, ತಮ್ಮ ಕಡೆಯವರು ಕೂತಿದ್ದ ಜಮಖಾನದವರೆಗೂ ಬಂದು, "ಇದೇನು ಬೀಗ್ರೇ ಇದು? ಈ ಹಾರನ್ನು ನಮ್ಮ ತಲೆ ಮೇಲೆ ಯಾಕೆ ಕಟ್ಟಿಸಿದ್ರಿ? ಇದಿರೋವರ್ಗೂ ನಾನಿಲ್ಲಿ ಕೂರಕ್ಕಿಲ್ಲ!" ಎಂದರು.

ವೀರಭದ್ರಯ್ಯನ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. ಕೂರಕ್ಕಿಲ್ಲ. ಹಿಂದಿನ ವರ್ಷದ ಸೋದರಮಾವನೂ ಇದನ್ನೇ ಅಂದಿದ್ದು. ಮಿಂಚು, ರೇಡಿಯೋ ಒಂದೂ ಅವನ ತಲೆಗೆ ಹೋಗಲಿಲ್ಲ. ಗದ್ದಲಕ್ಕೆ ತಲೆನೋವು ಬಂದಿರಬೇಕು ಅಂದುಕೊಂಡ. "ಆಗಲಿ ತಾಯಿ, ಆಗಲಿ, ಈಗ್ಲೇ ಬಿಚ್ಚಿಸ್ತೀನಿ" ಎಂದವನೇ ಹಿತ್ತಲಿಗೆ ಓಡಿದ. ಕಾಯಿ ಸುಲಿಯುತ್ತಿದ್ದ ಕೆಂಚಯ್ಯನಿಗೆ, "ಲೋ ಕೆಂಚಯ್ಯ, ಎಲ್ಲ ಬುಟ್ಟು ಬಾ. ಹಾರನ್ ಇಳಿಸ್ಬೇಕು, ಈಗ್ಲೇ" ಎಂದ.

ಗುರುಶಾಂತಮ್ಮ ಅಷ್ಟರಲ್ಲಿ ಹೆಂಗಸರು ಮಕ್ಕಳನ್ನು ಒಳಗೆ ಕಳಿಸಲು ಪಡಸಾಲೆಗೆ ಹೋಗಿದ್ದರು. ಅವರು ಈಚೆ ಬಂದು ನೋಡುವಾಗ ಕೆಂಚಯ್ಯ ಆಗಲೇ ಮರದ ತುದಿ ಮುಟ್ಟಿ, ಸುಳಿಗೆ ಕೈ ಹಾಕಿದ್ದ.

"ಅಯ್ಯೋ ಶಿವನೇ! ಅವನನ್ನು ಯಾರು ಹತ್ತಿಸಿದ್ದು?"

"ನೀವೇ ಅಲ್ವ್ರಾ ಬಿಚ್ಚಿಸಿ ಅಂದಿದ್ದು..."

"ನಾನು ಬಿಚ್ಚಿಸಿ ಅಂದ್ನಾ? ಇಲ್ಲಿ ಕೂರಕ್ಕಿಲ್ಲ ಅಂದೆ. ಇಂಥ ಹೊತ್ತಲ್ಲಿ ಮರಕ್ಕೆ ಆಳು ಹತ್ತಿಸ್ತಾರಾ ಯಾರಾದ್ರೂ? ಇಳಿಸಿ ಮೊದಲು!" ಎಂದು ಗುರುಶಾಂತಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳದ ಬಯಲಿಗೆ ಬಂದು ನಿಂತರು. "ಏನಪ್ಪಾ ಮರದ ಮೇಲಿರೋನೇ, ಕೆಳಕ್ಕೆ ಬಾ! ಹಾರನ್ ಅಲ್ಲೇ ಇರ್ಲಿ!"

ಮೇಲಿನಿಂದ ಕೆಂಚಯ್ಯ ಕೂಗಿದ. "ಒಂದು ಗಂಟು ಬಿಚ್ಚಿದೀನಿ ಅಮ್ಮಾರೇ, ಇನ್ನೊಂದೇ ಗಂಟು. ಯಜಮಾನ್ರೇ, ಇಲ್ಲಿಂದ ಗುಡ್ಡವೇ ಕಾಣ್ತಿಲ್ಲ ಕಣ್ರೀ, ಎಲ್ಲ ಕಪ್ಪಾಗೋಗದೆ. ಏನ್ ಮಾಡ್ಲಿ, ಬಿಚ್ಲಾ, ಬರ್ಲಾ?"

ಕೆಂಚಯ್ಯ ಕೇಳಿದ್ದು ತನ್ನ ಯಜಮಾನನನ್ನು. ಬೇರೆಯವರ ಮಾತಿಗೆ ಅವನು ಇಳಿಯುವವನಲ್ಲ. ಊರಿನ ಅರ್ಧ ಜನ ಬಿಸಿಲಲ್ಲಿ ನಿಂತು ಈ ತಮಾಷೆ ನೋಡುತ್ತಿದ್ದರು. ಹಾರನ್ನು ಅರ್ಧ ಬಿಚ್ಚಿ ಬಿಟ್ಟರೆ ಬಿದ್ದು ಒಡೆಯುತ್ತದೆ ಎಂದು ಲಕ್ಷ್ಮಯ್ಯ ಒಂದು ಕಡೆಯಿಂದ ಗೋಗರೆಯುತ್ತಿದ್ದ. ವೀರಭದ್ರಯ್ಯನಿಗೆ ಸಿಟ್ಟು ನೆತ್ತಿಗೇರಿತು. ಬಿಚ್ಚಿಸಿ ಅನ್ನುವವರೂ ಇವರೇ, ಬಿಚ್ಚಬೇಡಿ ಅನ್ನುವವರೂ ಇವರೇ. ಬೀಗತನ ಮಾಡಲು ಬಂದರೋ, ಬೊಂಬೆ ಆಡಿಸಲು ಬಂದರೋ? ಮಾತು ನಾಲಿಗೆಯ ತುದಿಗೇ ಬಂದಿತ್ತು. ಅದು ಈಚೆ ಬಿದ್ದರೆ ಊರು ಮತ್ತೊಮ್ಮೆ ನಗುತ್ತಿತ್ತು, ಮದುವೆ ಮತ್ತೊಮ್ಮೆ ನಿಲ್ಲುತ್ತಿತ್ತು. ಅವನು ಬಾಗಿಲ ಕಡೆ ನೋಡಿದ. ಅರಿಸಿನ ಹಚ್ಚಿದ ಮುಖದಲ್ಲಿ ಸರ್ವಮಂಗಳ ಅಪ್ಪನನ್ನೇ ನೋಡುತ್ತ ನಿಂತಿದ್ದಳು.

"ಆಗಲಿ" ಎಂದ ವೀರಭದ್ರಯ್ಯ. ಆಮೇಲೆ ಕತ್ತೆತ್ತಿ ಗಟ್ಟಿಯಾಗಿ, "ಇಳಿಯೋ ಕೆಂಚಯ್ಯ! ಬುಟ್ಟು ಇಳಿಯೋ!" ಎಂದ.

ಕೆಂಚಯ್ಯ ಇಳಿಯುವ ತನಕ ಗುರುಶಾಂತಮ್ಮ ನಿಂತಲ್ಲಿಂದ ಕದಲಲಿಲ್ಲ. ಮಗ ಬಂದು, "ಅವ್ವಾ, ಇಲ್ಲೂ ಶುರು ಮಾಡ್ಬೇಡ ಅಂತ ದಾರಿ ಉದ್ದಕ್ಕೂ ಹೇಳಿದ್ನಲ್ಲ" ಎಂದು ಪಿಸುಗುಟ್ಟಿದ. ತೋಂಟದಾರ್ಯ ನೆಲ ನೋಡುತ್ತಿದ್ದರು. ಆಕೆ ಮರದಿಂದ ಇಳಿದವನನ್ನು ಮುಂದೆ ಹಾಕಿಕೊಂಡು, ಚಪ್ಪರದಲ್ಲಿ ಉಳಿದವರನ್ನೆಲ್ಲ ಕೈ ಬೀಸಿ ಎಬ್ಬಿಸುತ್ತ ಒಳಗೆ ನಡೆದರು. "ಆ ವೈರಿನ ಹತ್ರ ಯಾರೂ ಹೋಗ್ಬೇಡಿ. ಪೆಟ್ಟಿಗೆ ಬುಟ್ಟು ಬಾರಪ್ಪ, ನೀನೂ ಬಾ" ಎಂದು ಲಕ್ಷ್ಮಯ್ಯನ ರಟ್ಟೆ ಹಿಡಿದೇ ಎಳೆದರು.

ಪಡಸಾಲೆ ತುಂಬಿತು, ನಡುಮನೆ ತುಂಬಿತು, ಮಿಕ್ಕವರು ಕೊಬ್ಬರಿ ಮನೆಗೆ ನುಗ್ಗಿದರು. ಅಟ್ಟದ ಮೇಲೆ ವರ್ಷದ ಕಾಯಿ ಒಣಗುತ್ತಿತ್ತು. ಕೆಳಗೆ ರೇಷ್ಮೆ ಸೀರೆಯ ಬೀಗಿತ್ತಿಯರು ಸಿಪ್ಪೆಯ ರಾಶಿಯ ಮೇಲೆ ಮುಖ ಸಿಂಡರಿಸಿ ಕೂತರು. ಹೊರಗೆ ಬಿಸಿಲು ಹಾಗೇ ಇತ್ತು. ಒಂದು ಹನಿ ಇಲ್ಲ, ಗಾಳಿಯಿಲ್ಲ. ಸೆಕೆಗೆ ಕೂಸುಗಳು ಕಿರುಚತೊಡಗಿದವು. "ಬಿಸಿಲಿಗೆ ಹೆದರಿ ಮನೆ ಸೇರ್ಕೊಂಡ ದಿಬ್ಬಣ ಇದೊಂದೇ ಕಣ್ಲಾ" ಎಂದು ಕಿಟಕಿಯ ಬಳಿ ಯಾರೋ ಅಂದರು, ಕಿಸಿಕಿಸಿ ನಗು ಎದ್ದಿತು. ಗುರುಶಾಂತಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದರು. ಅವರ ಬೆರಳು ಕೊರಳಿನ ಲಿಂಗದ ಕರಡಿಗೆಯನ್ನು ಬಿಗಿಯಾಗಿ ಹಿಡಿದಿದ್ದವು. ಈ ಹೆಂಗಸಿನ ಮನೆಗೆ ಮಗಳನ್ನು ಕೊಡುತ್ತಿದ್ದೇನಲ್ಲ, ಅವಳ ಗತಿಯೇನು ಎಂದು ವೀರಭದ್ರಯ್ಯ ಯೋಚಿಸಿದ. ಮದುವೆ ಮುರಿದರೆ ಹೇಗೆ ಎಂದು ಈವರೆಗೆ ಹೆದರಿದ್ದವನು ಈಗ ಮುರಿಯದಿದ್ದರೆ ಹೇಗೆ ಎಂದು ಹೆದರತೊಡಗಿದ.

ಆಗ ಬೆಳಕಾಯಿತು. ಮನೆಯೊಳಗಿನ ಕತ್ತಲೆಯ ಮೂಲೆಗಳೂ ಬೆಳ್ಳಗಾದವು. ಬೆಳಕಿನ ಹಿಂದೆಯೇ, ಹಿಂದೆಯೇನು, ಜೊತೆಯಲ್ಲೇ ಬಂದ ಸದ್ದಿಗೆ ಹೆಂಚುಗಳು ಅದುರಿದವು, ಅಟ್ಟದಿಂದ ನಾಲ್ಕಾರು ಕಾಯಿ ಉರುಳಿಬಿದ್ದವು. ಯಾರು ಕೂಗಿದರೋ, ಯಾರು ಅತ್ತರೋ ಗೊತ್ತಾಗಲಿಲ್ಲ. ಕಿವಿ ಮುಚ್ಚಿಕೊಂಡಿದ್ದ ಕೈಗಳನ್ನು ತೆಗೆದಾಗ ಹೊರಗೆ ಚಟಚಟ ಸದ್ದು ಕೇಳಿಸಿತು.

ಅಜ್ಜ ನೆಟ್ಟ ಮರದ ಸುಳಿ ಪಂಜಿನ ಹಾಗೆ ಉರಿಯುತ್ತಿತ್ತು. ಹಾರನ್ನು ಇರಲಿಲ್ಲ. ವೈರೂ ಇರಲಿಲ್ಲ, ಅದು ಹಾದುಬಂದಿದ್ದ ಉದ್ದಕ್ಕೂ ಚಪ್ಪರದ ಗರಿಗಳ ಮೇಲೆ ಕಪ್ಪಗೆ ಬರೆ ಎಳೆದಂತಿತ್ತು. ಮೈಕಿನ ಪೆಟ್ಟಿಗೆ ಒಡೆದು ಹೊಗೆಯಾಡುತ್ತಿತ್ತು. ಅದರ ಪಕ್ಕದ ಜಮಖಾನದಲ್ಲಿ, ಮದುಮಗನೂ ಅವನ ಗೆಳೆಯರೂ ಕೂತಿದ್ದ ಜಾಗದಲ್ಲಿ, ಮೊರದಗಲ ಸುಟ್ಟ ತೂತು. ಮೇಲಿನಿಂದ ಬಿದ್ದ ಕೆಂಡಕ್ಕೆ ಚಪ್ಪರದ ಒಂದು ಮೂಲೆ ಹೊತ್ತಿಕೊಳ್ಳುವ ಹೊತ್ತಿಗೆ ಗಾಳಿ ಬಂತು, ಗಾಳಿಯ ಹಿಂದೆ ಆನೆಕಲ್ಲು, ಆಮೇಲೆ ಮಳೆ. ಆ ಮಳೆಯೇ ಬೆಂಕಿಯನ್ನೂ ಆರಿಸಿತು.

ಕೆಂಚಯ್ಯ ಹೊಸಿಲ ಮೇಲೆ ಕೂತು ಉರಿಯುವ ಸುಳಿಯನ್ನೇ ನೋಡುತ್ತಿದ್ದ. ಅಡಿಗೆಯವರ ಜೊತೆ ಒಳಗಿದ್ದ ಅವನ ಹೆಂಡತಿ ಕೆಂಪಕ್ಕ ಓಡಿಬಂದು ಗಂಡನ ತಲೆ, ಭುಜ, ಬೆನ್ನು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಗುರುಶಾಂತಮ್ಮನ ಕಾಲ ಬಳಿ ಕುಸಿದು, "ಅವ್ವಾ, ನನ್ನ ಮನೆ ದೀಪ ಉಳಿಸ್ಬುಟ್ಟೆ ಕಣವ್ವ" ಎಂದು ಅತ್ತಳು. ಕಿಟಕಿಯ ಬಳಿ ನಕ್ಕವರು ತಲೆ ತಗ್ಗಿಸಿ ನಿಂತಿದ್ದರು. ಲಕ್ಷ್ಮಯ್ಯ ತನ್ನ ಸೆಟ್ಟಿನ ಕಡೆ ತಿರುಗಿಯೂ ನೋಡಲಿಲ್ಲ. ತನ್ನ ರಟ್ಟೆಯನ್ನೇ ಸವರಿಕೊಳ್ಳುತ್ತಿದ್ದ.

ಮಳೆಯ ಸದ್ದಿನಲ್ಲಿ ವೀರಭದ್ರಯ್ಯ ಗುರುಶಾಂತಮ್ಮನ ಎದುರು ಹೋಗಿ ಕೈಮುಗಿದ. "ತಾಯಿ, ನಾನು ನಿಮ್ಮನ್ನ ನಂಬಿ ಅವನನ್ನ ಇಳಿಸ್ಲಿಲ್ಲ. ಹೆದರಿ ಇಳಿಸ್ದೆ. ಸಿಡಿಲಿಗಲ್ಲ, ನಿಮಗೆ ಹೆದರಿ."

ಗುರುಶಾಂತಮ್ಮನ ಮುಖದಲ್ಲಿ ಅಂದು ಮೊದಲ ಸಲ ನಗು ಕಾಣಿಸಿತು. "ಯಾತಕ್ಕೆ ಇಳಿಸಿದ್ರೂ ಇಳಿದ್ನಲ್ಲ, ಬುಡಿ. ನನಗೂ ಹೆದರಿಕೆ ಇತ್ತು ಬೀಗ್ರೇ. ಬರದೇ ಹೋದ್ರೆ ಅಂತ."

"ಬರದೇ ಹೋದ್ರಾ?"

"ನಾನು ಹೇಳಿದ್ದೆಲ್ಲ ಬತ್ತದೆ ಅನ್ಕೊಂಡ್ರಾ? ಹತ್ತು ಸಲ ಎಬ್ಬಿಸಿದ್ರೆ ಒಂಬತ್ತು ಸಲ ಏನೂ ಆಗಕ್ಕಿಲ್ಲ. ನಮ್ಮೂರಲ್ಲಿ ನನ್ನ ಕಂಡ್ರೆ, ಮೋಡದ ಗುರುಶಾಂತಮ್ಮ ಬಂದ್ಲು, ಒಳಕ್ಕೋಗ್ರಪ್ಪ ಅಂತ ಆಡ್ಕೋತಾರೆ. ಮದ್ವೆ ಮನೇಲಿ ಬಾಯಿ ಬಿಡಬೇಡ ಅಂತ ಮಗ ಆಣೆ ಹಾಕಿಸ್ಕೊಂಡು ಬಂದಿದ್ದ." ಅವರ ಕೈ ಮತ್ತೆ ಕರಡಿಗೆಗೆ ಹೋಯಿತು. "ನಮ್ಮಣ್ಣ ಹಿಂಗೇ ಬಿಸಿಲು ಕಾಯ್ತಿರೋವಾಗ ಹುಣಿಸೇ ಮರದ ಕೆಳಗೆ ಬುತ್ತಿ ಬಿಚ್ಚಿದ್ದ. ಅವತ್ತಿಂದ ಸುಮ್ಮನಿರಕ್ಕೆ ಆಗಕ್ಕಿಲ್ಲ ನಂಗೆ. ಒಂಬತ್ತು ಸಲ ನಗ್ಲಿ ಬುಡಿ. ನಗೋಕೆ ಜನ ಇರ್ತಾರಲ್ಲ."

ಆ ಮಾತು ವೀರಭದ್ರಯ್ಯನ ಎದೆಗೆ ನಾಟಿತು. ಜನ ನಗಲಿ ಎಂದು ಅವನೂ ಮಾತಾಡುತ್ತಿದ್ದವನೇ. ಆ ನಗುವಿಗೆ ಮಗಳ ಸಂಬಂಧವನ್ನೇ ಕಳೆದುಕೊಂಡಿದ್ದ. ಈಕೆ ಊರು ನಗುವುದನ್ನು ಬಲ್ಲರು, ಹೊಸ ಬೀಗರ ಅಂಗಳದಲ್ಲಿ ಮಾನ ಹೋಗಬಹುದೆಂದೂ ಬಲ್ಲರು. ಬಲ್ಲರಾಗಿಯೂ, ಹೆಸರು ಗೊತ್ತಿಲ್ಲದ ಮರ ಹತ್ತುವವನೊಬ್ಬನಿಗಾಗಿ ಬಯಲಲ್ಲಿ ನಿಂತರು. ಅವನ ಕಣ್ಣು ಮಂಜಾದವು, ಮರೆಮಾಡಿಕೊಳ್ಳಬೇಕು ಅನ್ನಿಸಲಿಲ್ಲ. ಹಿಂದಿನ ವರ್ಷದ ಆ ಕೈಯಿಲ್ಲದ ಕುರ್ಚಿಗೂ ಅವನು ಮನಸ್ಸಿನಲ್ಲೇ ಕೈಮುಗಿದ. ಅದೊಂದು ಇಲ್ಲದಿದ್ದರೆ ಈ ಹೆಂಗಸು ಈ ಮನೆಯ ಹೊಸಿಲು ತುಳಿಯುತ್ತಲೇ ಇರಲಿಲ್ಲ.

ಮಾರನೆಯ ದಿನ ಮದುವೆ ಪಡಸಾಲೆಯಲ್ಲೇ ಆಯಿತು. ಚಪ್ಪರವಿಲ್ಲ, ಹಾಡಿಲ್ಲ, ಇಕ್ಕಟ್ಟಿನಲ್ಲಿ ಅಕ್ಷತೆ ಹಾಕಿದವರ ಕೈ ಪಕ್ಕದವರ ಮೂಗಿಗೆ ತಾಗುತ್ತಿತ್ತು. ಯಾರಿಗೂ ಬೇಸರವಾಗಲಿಲ್ಲ. ಉಂಡವರೆಲ್ಲ ಮರದ ಬುಡಕ್ಕೆ ಹೋಗಿ ಕತ್ತೆತ್ತಿ ನೋಡಿ, ಬಂದು ಗುರುಶಾಂತಮ್ಮನನ್ನು ಮಾತಾಡಿಸಿ ಹೋದರು. ಕೆಂಚಯ್ಯ ಬೆಳಗಿನಿಂದ ಬೀಗರ ಪಂಕ್ತಿಯಲ್ಲೇ ಸುಳಿದಾಡುತ್ತ, ಆಕೆಯ ಎಲೆಗೆ ತುಪ್ಪ ಬಂತೋ ಇಲ್ಲವೋ ಎಂದು ಬಡಿಸುವವರನ್ನು ಗದರಿಸುತ್ತಿದ್ದ.

ಸಾಯಂಕಾಲ ಹೆಣ್ಣೊಪ್ಪಿಸುವ ಶಾಸ್ತ್ರ. ಸರ್ವಮಂಗಳನ ಎರಡೂ ಕೈಗಳನ್ನು ಹಾಲಿನಲ್ಲಿ ಅದ್ದಿಸಿ ಅತ್ತೆಯ ಕೈಯಲ್ಲಿಡಬೇಕು; ಅಪ್ಪನಾದವನು, ನಮ್ಮ ಹುಡುಗಿ ಏನೂ ಅರಿಯದವಳು, ತಪ್ಪು ಮಾಡಿದರೆ ಹೊಟ್ಟೆಗೆ ಹಾಕಿಕೊಂಡು ನಿಮ್ಮ ಮಗಳ ಹಾಗೆ ನೋಡಿಕೊಳ್ಳಿ ಎನ್ನಬೇಕು. ಶಿವರುದ್ರಮ್ಮ ಆಗಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ವೀರಭದ್ರಯ್ಯ ಮಗಳ ಕೈಯನ್ನು ಆ ದೊಡ್ಡ ಕೈಗಳ ಮೇಲಿಟ್ಟ. ಬೀಗಿತ್ತಿಗೆ ಹೇಳಬೇಕಾದ ಮಾತೇ ಅವನಿಗೆ ಮರೆತುಹೋಯಿತು. ಅವನು ಮಗಳ ಕಡೆ ತಿರುಗಿದ.

"ಮಗಾ, ಇವರು ಒಳಕ್ಕೆ ಬಾ ಅಂದ್ರೆ ಯಾಕೆ ಅಂತ ಕೇಳ್ಬೇಡ. ಮೊದ್ಲು ಒಳಕ್ಕೋಗು."

ಗುರುಶಾಂತಮ್ಮ ಸೊಸೆಯ ಒದ್ದೆ ಕೈಗಳನ್ನು ತಮ್ಮ ಸೆರಗಿನಿಂದ ಒರೆಸುತ್ತ, "ಕೇಳ್ಲಿ ಬುಡಿ ಬೀಗ್ರೇ, ಯಾಕೆ ಕೇಳ್ಬಾರ್ದು?" ಎಂದರು. "ಕೇಳ್ತಾ ಕೇಳ್ತಾನೇ ಒಳಕ್ಕೆ ಬರ್ಲಿ."